ರೀಡಿಂಗ್ ಅಳಿಸುತ್ತಿದ್ದ ಹುಡುಗಿ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಹದಿನೈದು ವರ್ಷದ ಹುಡುಗಿ. ವಿಜ್ಞಾನದ ಪ್ರಾಕ್ಟಿಕಲ್ ಇದ್ದ ದಿನವೇ ಅವಳಿಗೆ ಹೊಟ್ಟೆನೋವು. ವೈದ್ಯರು ಪರೀಕ್ಷೆ ಮಾಡಿ, ತೊಂದರೆ ಏನೂ ಇಲ್ಲ ಎಂದಿದ್ದರು. ಹಾಗಾಗಿ ತಾಯಿ ಅವಳನ್ನು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದಿದ್ದರು. "ಇವಳು ಮುಂದೆ ಚಿತ್ರಕಲೆ ಓದೋಳು ಮೇಡಂ. ಈ ವಿಜ್ಞಾನ ಇವಳಿಗೆ ಯಾಕೆ?" ಎಂದು ತಾಯಿ ಕೇಳಿದರು.

ಮೂರನೇ ಭೇಟಿಯಲ್ಲಿ ವಿಷಯ ಹೊರಬಂತು. ಒಮ್ಮೆ ಅವಳ ಅಳತೆ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲ. ಎಲ್ಲರೆದುರು ಬೈಸಿಕೊಂಡಳು. ಅವತ್ತಿನಿಂದ ತನ್ನ ರೀಡಿಂಗ್ ಅಳಿಸಿ, ಪಕ್ಕದವಳ ಅಂಕಿ ಬರೆಯತೊಡಗಿದಳು. "ಕಳ್ಳತನ ಮಾಡಿದ ಹಾಗೆ ಅನ್ಸುತ್ತೆ ಮೇಡಂ," ಎಂದು ಅತ್ತಳು.

ನಾನು ಒಂದು ನೂಲು, ಎರಡು ಕಲ್ಲು ತಂದೆ. ನೂಲಿಗೆ ಕಲ್ಲು ಕಟ್ಟಿ ತೂಗಾಡಿಸುವ ಲೋಲಕದ ಪ್ರಯೋಗ ಅವಳಿಗೆ ಗೊತ್ತಿದ್ದದ್ದೇ. "ಭಾರದ ಕಲ್ಲು ಬೇಗ ತೂಗಾಡುತ್ತಾ?" ಎಂದು ಕೇಳಿದೆ. ಹೌದು ಎಂದಳು. 1 ಮೀಟರ್ ನೂಲಿಗೆ ಕಟ್ಟಿ ಹತ್ತು ಸಲ ಆ ಕಡೆ ಹೋಗಿ ಬರಲು ಬಿಟ್ಟೆವು. ಹಗುರ ಕಲ್ಲಿಗೆ ಸುಮಾರು 20 ಸೆಕೆಂಡ್. ಭಾರದ ಕಲ್ಲಿಗೂ ಅಷ್ಟೇ! ನೂಲನ್ನು 25 ಸೆಂಟಿಮೀಟರ್‌ಗೆ ಇಳಿಸಿದೆವು. ಕಾಲು ಭಾಗ ಅಲ್ವಾ, 5 ಸೆಕೆಂಡ್ ಬರುತ್ತೆ ಎಂದಳು. ಬಂದದ್ದು 10. ಅವಳ ಕೈ ತಾನಾಗಿ ರಬ್ಬರ್ ಕಡೆ ಹೋಯಿತು. ನನಗೆ ಬಹಳ ಸಂಕಟವಾಯಿತು. ಅವಳು ಅಳೆದದ್ದು ಸರಿಯಾಗಿಯೇ ಇತ್ತು. ಉದ್ದ ಕಾಲು ಭಾಗವಾದರೆ ಸಮಯ ಅರ್ಧ ಆಗುತ್ತದೆ. ತಪ್ಪಿದ್ದು ಅವಳ ಊಹೆ ಮಾತ್ರ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹುಡುಗಿಗೆ ಹೇಳಿದ್ದು ಇಷ್ಟೇ. ಯಾವ ಅಂಕಿಯನ್ನೂ ಅಳಿಸಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಅನುಮಾನ ಬಂದರೆ ಮತ್ತೆ ಅಳೆ. ನಕಲು ಮಾಡಿದ್ದನ್ನು ಟೀಚರ್ ಹತ್ತಿರ ನೀನೇ ಹೇಳು, ಜೊತೆಗೆ ಅಮ್ಮ ಇರಲಿ.

ತಾಯಿಯ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ಮನೆಯಲ್ಲಿ ಶೀತವಾದಾಗ ಉಳಿದಿದ್ದ ಆಂಟಿಬಯೋಟಿಕ್ ನುಂಗಿ, ಅದರಿಂದಲೇ ವಾಸಿಯಾಯಿತು ಎಂದು ಅವರೇ ಹಿಂದೆ ಹೇಳಿದ್ದರು. "ನುಂಗದೇ ಇದ್ದಿದ್ರೆ ಏನಾಗ್ತಿತ್ತು?" ಎಂದು ಕೇಳಿದೆ. ಶೀತ ಬರುವುದು ವೈರಸ್‌ನಿಂದ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಶೀತ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಸುಮ್ನೆ ನುಂಗುತ್ತಾ ಹೋದರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಹೆಚ್ಚುತ್ತವೆ. ಹೋಲಿಸಿ ನೋಡದೆ ಕಾರಣ ಹೇಳಬಾರದು ಎಂಬುದನ್ನು ಮಕ್ಕಳು ಈ ಕಲ್ಲು ನೂಲಿನಲ್ಲೇ ಕಲಿಯುತ್ತಾರೆ. ಚಿತ್ರ ಬರೆಯುವವಳಿಗೂ ಔಷಧಿ ಬೇಕಾಗುತ್ತದೆ ಅಲ್ವಾ? ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರಿಗೆ ಕೊಟ್ಟ ಸಲಹೆ: ಅಂಕ ಎಷ್ಟು ಬಂತು ಎನ್ನುವ ಮೊದಲು, ಇವತ್ತು ಏನು ಅಳೆದೆ ಎಂದು ಕೇಳಿ.

ಟೀಚರ್ ಬೈಯಲಿಲ್ಲ. ಪ್ರಯೋಗಗಳನ್ನು ಮತ್ತೆ ಮಾಡಲು ಬಿಟ್ಟರು. ಹೊಟ್ಟೆನೋವು ಎರಡು ಸಲ ಮತ್ತೆ ಬಂತು, ಆದರೂ ಶಾಲೆಗೆ ಹೋದಳು.

ಕೊನೆಯ ಭೇಟಿಗೆ ನೋಟ್‌ಬುಕ್ ತಂದಿದ್ದಳು. ಒಂದು ಅಂಕಿಯ ಮೇಲೆ ಗೆರೆ, ಪಕ್ಕದಲ್ಲಿ "ನೂಲು ಜಾರಿತ್ತು" ಎಂಬ ಬರಹ. ಕಲ್ಲನ್ನು ತುಂಬಾ ದೂರ ಎಳೆದು ಬಿಟ್ಟಾಗ 20ರ ಬದಲು ಇಪ್ಪತ್ತೊಂದೂವರೆ ಸೆಕೆಂಡ್ ಬಂದಿತ್ತಂತೆ. "ಐದು ಸಲ ಅಳೆದೆ ಮೇಡಂ, ನಿಜವಾಗ್ಲೂ ಜಾಸ್ತಿನೇ ಬರುತ್ತೆ," ಎಂದಳು.