ಗೆಳತಿಯ ಮೊಣಕಾಲು ನೋವನ್ನ ಟೀಮಿಗೆ ಹೇಳ್ಲಾ, ಬೇಡ್ವಾ?

ಪ್ರಶ್ನೆ: ಅಕ್ಕಾ, ನಾವಿರೋದು ಹಾಂಗ್‌ಕಾಂಗಲ್ಲಿ. ನಾಲ್ಕು ಜನ ಕನ್ನಡದವರೇ ಸೇರ್ಕೊಂಡು ನವೆಂಬರಿನ ಟ್ರೇಲ್‌ವಾಕರಿಗೆ ಹೆಸರು ಕೊಟ್ಟಿದ್ದೀವಿ, ದೇಣಿಗೆ ಕೂಡಿಸೋಕೆ ಅಂತ ಬೆಟ್ಟದ ದಾರೀಲಿ ನಡೆಯೋದು, 48 ಗಂಟೆ ಒಳಗೆ 100 ಕಿಲೋಮೀಟರ್ ಮುಗಿಸ್ಬೇಕು. ಜೂನಿಂದ ಪ್ರತಿ ಭಾನುವಾರ ಪ್ರಾಕ್ಟೀಸ್ ನಡೀತಿದೆ. ನನ್ನ ಗೆಳತಿಗೆ ಒಂದೂವರೆ ತಿಂಗಳಿಂದ ಬಲ ಮೊಣಕಾಲು ನೋವು. ಮೆಟ್ಟಿಲು ಇಳಿಯೋವಾಗ ಯಾರೂ ನೋಡ್ತಿಲ್ಲ ಅಂದ್ರೆ ಹಿಂದುಹಿಂದಕ್ಕೆ ಇಳೀತಾಳೆ, ಬೆಳಿಗ್ಗೆ ಮಾತ್ರೆ ನುಂಗಿ ಬರ್ತಾಳೆ. ನಂಗೊಬ್ಳಿಗೇ ಗೊತ್ತು. ಯಾರಿಗೂ ಹೇಳ್ಬೇಡ ಅಂತ ನನ್ನ ಮಗಳ ಮೇಲೆ ಆಣೆ ಹಾಕಿಸ್ಕೊಂಡಿದ್ದಾಳೆ. ಹೋದ್ವರ್ಷ ತೀರ್ಕೊಂಡ ಅವಳಪ್ಪನ ಹೆಸರಲ್ಲಿ ಅವಳು ನಡೀತಿರೋದು, ನಮ್ಮ ಟೀಮಿನ ದೇಣಿಗೆಯಲ್ಲಿ ಮುಕ್ಕಾಲು ಪಾಲು ಅವಳೇ ಕೂಡಿಸಿದ್ದು. ಟೀಮ್ ಲೀಡರ್ ನನ್ನ ಗಂಡ, "ಇವ್ಳು ಯಾಕೆ ಇಷ್ಟು ಸ್ಲೋ ಆಗ್ತಿದ್ದಾಳೆ" ಅಂತ ನನ್ನನ್ನೇ ಕೇಳ್ತಾರೆ. ಹೇಳಿದ್ರೆ ಗೆಳೆತನ ಹೋಗುತ್ತೆ, ಹೇಳ್ದೆ ಇದ್ದು ಬೆಟ್ಟದ ಮೇಲೆ ಏನಾದ್ರೂ ಆದ್ರೆ? ಇನ್ನು ಆರೇ ವಾರ ಇದೆ.

ಉತ್ತರ: ಅಕ್ಕ ಅಂತ ಕರ್ದಿದ್ದೀಯ, ಹಾಗಾಗಿ ನೀನು ಅಂತ್ಲೇ ಬರೀತೀನಿ. ನಾನೂ ಆ ಊರಲ್ಲಿ ಕೆಲವು ವರ್ಷ ಇದ್ದೆ, ನೀವು ನಡೆಯೋ ಆ ಮ್ಯಾಕ್ಲಿಹೋಸ್ ಟ್ರೇಲ್ ಅನ್ನೋ ಬೆಟ್ಟದ ದಾರೀನ ಒಂದೇ ಸಲ ಅಲ್ಲದಿದ್ರೂ ತುಂಡು ತುಂಡಾಗಿ ಹೆಚ್ಚುಕಮ್ಮಿ ಪೂರ್ತಿ ನಡ್ದಿದ್ದೀನಿ, ಅರ್ಧ ಕಿಲೋಮೀಟರಿಗೊಂದು ನಂಬರ್ ಕಂಬ ಇರುತ್ತಲ್ಲ, ಎಂ 001ರಿಂದ ಎಂ 200ರ ತನಕ, ಸುಸ್ತಾದಾಗ ಆ ಕಂಬ ಎಣಿಸೋದೇ ಒಂದು ಜಪ. ಅದಕ್ಕೇ ನಿನ್ನ ಪತ್ರ ಓದಿದ ತಕ್ಷಣ ನಂಗೆ ಕಣ್ಣ ಮುಂದೆ ಬಂದಿದ್ದು ಆ ದಾರೀಲಿ ಸಿಗೋ ನೀಡಲ್ ಹಿಲ್ ಬೆಟ್ಟದ ಮೆಟ್ಟಿಲು. ಹತ್ತೋದು ಏನೋ ಉಸಿರು ಬಿಟ್ಕೊಂಡು ಹತ್ತಿಬಿಡ್ತೀವಿ. ಇಳಿಯೋದೇ ಮೊಣಕಾಲಿಗೆ ಪರೀಕ್ಷೆ, ಮೈಭಾರ ಎಲ್ಲಾ ಅದರ ಮೇಲೆ ಬೀಳೋದು ಆಗ. ಆ ಹೊತ್ತಿಗೆ ನಿಮ್ಮ ಕಾಲಲ್ಲಿ ಐವತ್ತು ಅರವತ್ತು ಕಿಲೋಮೀಟರ್ ಆಗಿರುತ್ತೆ, ಬಹುಶಃ ರಾತ್ರಿ ಆಗಿರುತ್ತೆ, ಮುಂದೆ ಇನ್ನೂ 957 ಮೀಟರಿನ ತಾಯ್ ಮೋ ಶಾನ್ ಬೆಟ್ಟ ಕಾಯ್ತಿರುತ್ತೆ. ಈಗಲೇ ಭಾನುವಾರದ ಪ್ರಾಕ್ಟೀಸಲ್ಲಿ ಹಿಂದುಹಿಂದಕ್ಕೆ ಇಳಿಯೋಳು ಅಲ್ಲಿ ಹೇಗೆ ಇಳೀತಾಳಮ್ಮ?

ಒಂದು ವಿಷಯ ಹೇಳ್ತೀನಿ, ನಾನು ನಿನ್ನ ಗೆಳತಿ ಜಾಗದಲ್ಲಿ ಇದ್ದವಳು. ನಮ್ದು ಮೂಡಿಗೆರೆ ಕಡೆ. ಶಿವರಾತ್ರಿ ಹತ್ರ ಬಂದ್ರೆ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗೋರು ನಮ್ಮ ರೋಡಲ್ಲೇ ಹೋಗೋದು, ಒಂದ್ವರ್ಷ ನಾನೂ ನಮ್ಮತ್ತೆ ಗುಂಪಿನ ಜೊತೆ ಹೊರಟೆ. ಕೊಟ್ಟಿಗೆಹಾರ ಮುಟ್ಟೋ ಹೊತ್ತಿಗೇ ಎಡ ಮೊಣಕಾಲು ಚುಚ್ಚೋಕೆ ಶುರುವಾಗಿತ್ತು, ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ, ನಗ್ತಾ ಕೂತು ನೀರುದೋಸೆ ತಿಂದೆ. ಹರಕೆ ಹೊತ್ತಿದ್ದು ನಾನು, ನನ್ನಿಂದ ಗುಂಪು ನಿಲ್ಲಬಾರ್ದು ಅನ್ನೋ ಹಟ. ಚಾರ್ಮಾಡಿ ಘಾಟಿ ಅರ್ಧ ಇಳಿಯೋ ಅಷ್ಟರಲ್ಲಿ ಕಾಲು ಮಡಚೋಕೇ ಆಗ್ತಿಲ್ಲ, ರಸ್ತೆ ಪಕ್ಕದ ತಡೆಗೋಡೆ ಹಿಡ್ಕೊಂಡು ಏಡಿ ಥರ ಅಡ್ಡಡ್ಡ ಇಳೀತಿದ್ದೀನಿ, ಲಾರಿಗಳು ಮೈಗೆ ತಾಗೋ ಹಾಗೆ ಹೋಗ್ತಿವೆ, ಗುಂಪಲ್ಲಿದ್ದ ಹನ್ನೊಂದು ಜನಾನೂ ನಂಗೋಸ್ಕರ ಆ ತಿರುವಲ್ಲಿ ನಿಂತಿದ್ದಾರೆ. ಅತ್ತೆ ನಂಗೆ ಬೈಲಿಲ್ಲ. ಟವೆಲ್ ಒದ್ದೆ ಮಾಡಿ ಮೊಣಕಾಲಿಗೆ ಸುತ್ತುತಾ ಒಂದೇ ಮಾತು ಹೇಳಿದ್ರು, "ಕೊಟ್ಟಿಗೆಹಾರದಲ್ಲೇ ಹೇಳಿದ್ರೆ ಅಲ್ಲೇ ಒಂದಿನ ಉಳ್ಕೊಳ್ತಿದ್ವಲ್ಲೇ, ಇಲ್ಲಿ ನಾವೇನು ಮಾಡೋಣ ಹೇಳು."

ಇಷ್ಟು ವರ್ಷ ಆದ್ರೂ ಆ ಮಾತು ಮರ್ತಿಲ್ಲ. ನೋವು ಮುಚ್ಚಿಟ್ಟು ನಾನು ಅವರಿಗೆ ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ, ಆದ್ರೆ ಅವರಿಗೆ ಏನಾದ್ರೂ ಮಾಡೋಕೆ ಟೈಮ್ ಇದ್ದಾಗ ಆ ಟೈಮನ್ನೇ ಕಿತ್ಕೊಂಡಿದ್ದೆ. ನಿಮಗೆ ಈಗ ಆರು ವಾರ ಇದೆ, ಅದೇ ನಿಮ್ಮ ಕೊಟ್ಟಿಗೆಹಾರ. ಈಗ ಹೇಳಿದ್ರೆ ಡಾಕ್ಟರ್ ಹತ್ರ ಹೋಗ್ಬಹುದು, ಫಿಸಿಯೋ ಮಾಡಿಸ್ಬಹುದು, ಎರಡು ವಾರ ನಡಿಗೆ ನಿಲ್ಲಿಸಿ ನೋಡ್ಬಹುದು, ಕೋಲು ಹಿಡ್ಕೊಂಡು ಇಳಿಯೋದು ಕಲೀಬಹುದು, ಸ್ಪೀಡ್ ಕಮ್ಮಿ ಮಾಡ್ಬಹುದು. 48 ಗಂಟೆ ಅಂದ್ರೆ ಕಮ್ಮಿ ಟೈಮೇನಲ್ಲ, ಲೆಕ್ಕ ಹಾಕು, ಗಂಟೆಗೆ ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಬಂದ್ರೆ ಸಾಕು, ನಿನ್ನ ಗಂಡಂಗೆ ಸ್ಲೋ ಅನ್ನೋ ಬೇಜಾರು ಯಾಕೆ? ನಾಲ್ವರ ಟೀಮ್ ಅಂದ್ಮೇಲೆ ಎಲ್ಲರಿಗಿಂತ ನಿಧಾನ ಇರೋರ ಹೆಜ್ಜೆಯೇ ಟೀಮಿನ ಹೆಜ್ಜೆ, ಅವರನ್ನ ಮುಂದೆ ಬಿಟ್ಟು ಉಳಿದೋರು ಹಿಂದೆ ನಡೀಬೇಕು. 1981ರಲ್ಲಿ ಈ ಟ್ರೇಲ್‌ವಾಕರನ್ನ ಶುರು ಮಾಡಿದ್ದು ಅಲ್ಲಿದ್ದ ಗೂರ್ಖಾ ಸೈನಿಕರು, ಅವರ ತರಬೇತಿಗೆ ಅಂತ, 1986ರಿಂದ ನಮ್ಮಂಥ ಸಾಮಾನ್ಯರೂ ಸೇರ್ಕೊಳ್ಳೋ ಹಾಗಾಯ್ತು. ಆದ್ರೆ ನಾವು ಗೂರ್ಖಾಗಳಲ್ಲ, ವಾರವೆಲ್ಲ ಕುರ್ಚಿ ಮೇಲೆ ಕೂತು ಭಾನುವಾರ ಬೆಟ್ಟ ಹತ್ತೋರು, ಅದನ್ನ ನಿನ್ನ ಗಂಡಂಗೂ ಪ್ರೀತಿಯಿಂದ ಹೇಳು.

ಮಾತ್ರೆ ವಿಷಯ ಮಾತ್ರ ನಂಗೆ ನಿಜಕ್ಕೂ ಭಯ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಿ, ಬೆವರು ಸುರಿಸಿ, ನೀರು ಸಾಲದೆ ಗಂಟೆಗಟ್ಲೆ ನಡೆದ್ರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಜೊತೆಗೆ ಮೊಣಕಾಲು ಸಾಕು ಅಂತ ಹೇಳ್ತಿದ್ರೂ ಅದು ಅವಳಿಗೆ ಕೇಳಿಸಲ್ಲ. ಡಾಕ್ಟರ್ ಹೇಳೋ ತನಕ ಮಾತ್ರೆ ನುಂಗಿ ನಡೆಯೋದು ಬೇಡವೇ ಬೇಡ ಅಂತ ಕಟ್ಟುನಿಟ್ಟಾಗಿ ಹೇಳು.

ಈಗ ಆಣೆ ವಿಷಯ. ಮಗಳ ಮೇಲೆ ಹಾಕಿದ ಆಣೆ, ನಿನ್ನ ಹೊಟ್ಟೇಲಿ ಎಷ್ಟು ಸಂಕಟ ಇರುತ್ತೆ ಅಂತ ನಂಗೆ ಅರ್ಥ ಆಗುತ್ತೆ, ಅದೆಲ್ಲ ಮೂಢನಂಬಿಕೆ ಅಂತ ನಾನು ಹೇಳಲ್ಲ. ಅದನ್ನ ಮುರೀಬೇಡ. ಆದ್ರೆ ಆಣೆ ಹಾಕಿಸ್ಕೊಂಡೋಳೇ ಅದನ್ನ ವಾಪಸ್ ತಗೋಬಹುದು. ಗಂಡಂಗೆ ಹೇಳೋ ಮುಂಚೆ ಅವಳ ಮನೆಗೆ ಹೋಗು, ಫೋನಲ್ಲಿ ಬೇಡ, ಮೆಸೇಜಂತೂ ಬೇಡ. "ನೋಡು, ಈ ಗುಟ್ಟು ನನ್ನ ಕೈಲಿ ಹೊರೋಕಾಗ್ತಿಲ್ಲ, ನನ್ನ ಮಗಳನ್ನ ಇದರಿಂದ ಬಿಡಿಸು, ನೀನೇ ಎಲ್ಲರ ಹತ್ರ ಹೇಳು, ನಾನು ಪಕ್ಕದಲ್ಲೇ ಕೂತಿರ್ತೀನಿ" ಅಂತ ಕೇಳು. ಅತ್ತರೆ ಅಳಲಿ ಬಿಡು. ನಂಗನ್ಸೋ ಪ್ರಕಾರ ಅವಳು ಮುಚ್ಚಿಡ್ತಿರೋದು ಬರೀ ಮೊಣಕಾಲನ್ನಲ್ಲ, ಅಪ್ಪನ ಹೆಸರಲ್ಲಿ ಹೊರಟು ಮಧ್ಯ ನಿಂತ್ರೆ ಅಪ್ಪಂಗೇ ಕೊಟ್ಟ ಮಾತು ತಪ್ಪಿದ ಹಾಗೆ ಅಂತ ಅವಳಿಗೆ ಅನ್ಸ್ತಿರಬಹುದು. ಅಪ್ಪನ ಬಗ್ಗೆ ಮಾತಾಡ್ಸು, ಕೇಳಿಸ್ಕೋ, ಅವಸರ ಮಾಡ್ಬೇಡ. ಜನ ದುಡ್ಡು ಕೊಟ್ಟಿದ್ದು ಒಂದು ಒಳ್ಳೇ ಕೆಲಸಕ್ಕೆ, ಅವಳ ಮೊಣಕಾಲು ಎಷ್ಟು ಕಿಲೋಮೀಟರ್ ಬಾಳುತ್ತೆ ಅನ್ನೋದಕ್ಕಲ್ಲ.

ಆಮೇಲೂ ಅವಳು ಒಪ್ಪದಿದ್ರೆ? ಆಗ ಮಾತ್ರ ಸ್ಪಷ್ಟವಾಗಿ ಹೇಳು, "ಶನಿವಾರದ ತನಕ ನೀನು ಹೇಳದಿದ್ರೆ ನಾನು ಟೀಮಿಂದ ಹೊರಗೆ ಬರ್ತೀನಿ, ಗೊತ್ತಿದ್ದೂ ಗೊತ್ತಿದ್ದೂ ನಿನ್ನ ಜೊತೆ ಆ ಬೆಟ್ಟ ಹತ್ತೋಕೆ ನಂಗಾಗಲ್ಲ." ಆಣೇನೂ ಉಳಿಯುತ್ತೆ, ನೀನು ಸುಳ್ಳು ಹೇಳೋದೂ ತಪ್ಪುತ್ತೆ. ಕೋಪ ಮಾಡ್ಕೋತಾಳೆ, ಒಂದಷ್ಟು ದಿನ ಮಾತು ಬಿಟ್ರೂ ಬಿಡ್ತಾಳೆ, ಅದನ್ನ ತಡ್ಕೋಬೇಕಾಗುತ್ತೆ.

ಡಾಕ್ಟರ್ ಬೇಡ ಅಂದ್ರೆ ಅವಳು ಸಪೋರ್ಟ್ ಟೀಮಲ್ಲಿ ಇರಲಿ. ಚೆಕ್‌ಪಾಯಿಂಟಲ್ಲಿ ಕಾಯ್ಕೊಂಡು ಕೂರೋರ ಬೆಲೆ ನಡೆದವರಿಗೇ ಗೊತ್ತು. ನಡುರಾತ್ರಿ ಚಳೀಲಿ ಬಂದಾಗ ಫ್ಲಾಸ್ಕಿಂದ ಬಿಸಿ ಸಾರು ಬಗ್ಗಿಸಿ ಕೊಡೋ ಕೈ, ಒಣಗಿದ ಸಾಕ್ಸ್ ರೆಡಿ ಇಟ್ಕೊಂಡು, ಬೊಬ್ಬೆ ಎದ್ದ ಕಾಲಿಗೆ ಪ್ಲಾಸ್ಟರ್ ಅಂಟಿಸೋರು, ಅವರಿಲ್ಲದೆ ಎಷ್ಟೋ ಟೀಮು ಮುಗಿಸೋದೇ ಇಲ್ಲ. ಅವಳಪ್ಪನ ಫೋಟೋ ನಿಮ್ಮಲ್ಲೊಬ್ಬರ ಬ್ಯಾಗಲ್ಲಿ ಇರಲಿ, ಕೊನೇ ಗೆರೆ ಹತ್ರ ಅವಳ ಕೈಗೆ ಕೊಡಿ.

ಈ ಭಾನುವಾರದ ತನಕ ಕಾಯ್ಬೇಡ. ನಾಳೇನೇ ಹೋಗು. ಏನಾಯ್ತು ಅಂತ ಎರಡು ಸಾಲು ಬರಿ, ಅವಳ ಮೊಣಕಾಲು ಹೇಗಿದೆ ಅಂತಾನೂ.