ನೋವೆಷ್ಟೆಂದು ಕೇಳಿದರೆ ಉತ್ತರಿಸಿದ್ದು ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಅರವತ್ತು ದಾಟಿದ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿತ್ತು. ರೋಗ ವಾಸಿಯಾಗುವುದಿಲ್ಲವೆಂದು ವೈದ್ಯರು ತಿಳಿಸಿದ್ದರು. ಮನೆಯಲ್ಲಿ ಯಾವ ಆರೈಕೆ ಬೇಕಾದೀತು ಎಂದು ನೋಡಲು ನನ್ನ ಬಳಿ ಕಳುಹಿಸಿದ್ದರು. ಜೊತೆಗೆ ಹೆಂಡತಿ, ಮಗ ಬಂದಿದ್ದರು.

ನೋವು, ಸುಸ್ತು, ವಾಕರಿಕೆ, ಹಸಿವು, ಉಸಿರಾಟ, ಆತಂಕ ಇವಕ್ಕೆಲ್ಲ 0ಯಿಂದ 10ರವರೆಗೆ (ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು) ಅಂಕ ಕೇಳುವ ಎಡ್ಮಂಟನ್ ಪ್ರಶ್ನಾವಳಿ 1991ರಿಂದ ಬಳಕೆಯಲ್ಲಿದೆ. ಅದರಿಂದಲೇ ಶುರು ಮಾಡಿದೆ. ನೋವಿನ ಪ್ರಶ್ನೆಗೆ ಮಗನೇ, "ಮೂರು ಇರಬಹುದು ಮೇಡಂ, ಅಪ್ಪ ಗಟ್ಟಿ" ಎಂದರು. ತಂದೆ ತಲೆಯಾಡಿಸಿದರು. ಮನೆಯವರ ಎದುರು ಸಿಕ್ಕ ಅಂಕ ನನಗೆ ಅರ್ಧ ಉತ್ತರ ಮಾತ್ರ. ರೋಗಿ ಒಬ್ಬರೇ ಇರುವಾಗ ಇನ್ನೊಮ್ಮೆ ಕೇಳಲೇಬೇಕು.

ಹಾಗೆ ಕೇಳಿದಾಗ ಮೂರು ಎಂಟಾಯಿತು. ನೋವಿಗೆ ಕೊಟ್ಟ ಮಾರ್ಫಿನ್ ಮಾತ್ರೆಗಳನ್ನು ನುಂಗದೆ ಎತ್ತಿಟ್ಟಿದ್ದರು. "ಮಾರ್ಫಿನ್ ಈಗಲೇ ತಗೊಂಡುಬಿಟ್ಟರೆ ಕೊನೆಗೆ ಯಾವುದೂ ಕೆಲಸ ಮಾಡಲ್ಲವಂತೆ."

ಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ: ಇವತ್ತು ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಏನು? ಅವರು ನೋವು ಎನ್ನಲಿಲ್ಲ. "ರಾತ್ರಿ ಮೂತ್ರಕ್ಕೆ ಅಂತ ಎಬ್ಬಿಸಿದರೆ ಅವಳಿಗೆ ನಿದ್ದೆಯೇ ಇರಲ್ಲ. ಅದಕ್ಕೇ ಮಧ್ಯಾಹ್ನದ ಮೇಲೆ ನೀರು ಕುಡಿಯೋದು ಬಿಟ್ಟಿದ್ದೀನಿ." ತುಟಿ ಒಡೆದಿತ್ತು. ಐದು ದಿನದಿಂದ ಮಲ ಹೋಗಿರಲಿಲ್ಲ. ಸಂಜೆಯಾದರೆ ಮಾತು ತಪ್ಪುತ್ತಿತ್ತು. ರೋಗ ಏರುತ್ತಿದೆ ಎಂದೇ ಮನೆಯವರು ತಿಳಿದಿದ್ದರು. ಮೂಳೆಗೆ ಹರಡಿದಾಗ ರಕ್ತದ ಕ್ಯಾಲ್ಸಿಯಂ ಹೆಚ್ಚಿದರೂ ಇವೇ ಲಕ್ಷಣ ಕಾಣುವುದರಿಂದ, ಅಂದೇ ವೈದ್ಯರಿಗೆ ತಿಳಿಸಿ ಪರೀಕ್ಷೆ ಮಾಡಿಸಿದೆವು. ಕ್ಯಾಲ್ಸಿಯಂ ಸರಿಯಿತ್ತು. ನೀರು ಸಾಲದೇ ಹೀಗಾಗಿರಬಹುದು ಎನಿಸಿತು.

ಹೆಂಡತಿಯನ್ನೂ ಬೇರೆಯಾಗಿ ಮಾತಾಡಿಸಿದೆ. ಎಬ್ಬಿಸದಿದ್ದರೂ ಆಕೆ ರಾತ್ರಿಯಿಡೀ ಅವರ ಉಸಿರು ಆಲಿಸುತ್ತಾ ಎಚ್ಚರವಾಗಿಯೇ ಇರುತ್ತಿದ್ದರು.

ರೋಗಿಯ ಒಪ್ಪಿಗೆ ಪಡೆದು ಮೂವರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟು. ಮಾರ್ಫಿನ್ ಉಳಿಸಿಡುವ ಔಷಧವಲ್ಲ. ನೋವು ಏರಿದರೆ ವೈದ್ಯರು ಪ್ರಮಾಣ ಏರಿಸಬಲ್ಲರು. ನೋವು ತಡೆಯಲಾರದಷ್ಟು ಆಗುವವರೆಗೆ ಕಾಯದೆ, ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಅದರೊಂದಿಗೆ ಮಲ ಸಡಿಲಿಸುವ ಔಷಧ ದಿನವೂ ಇರಲಿ. ಎಬ್ಬಿಸುವ ಚಿಂತೆಯಿಲ್ಲದೆ ನೀರು ಕುಡಿಯುವಂತೆ ಹಾಸಿಗೆ ಪಕ್ಕ ಮೂತ್ರದ ಬಾಟಲಿ ಇಡಿ. ವಾರದಲ್ಲಿ ಎರಡು ರಾತ್ರಿಯಾದರೂ ಮಗ ಜೊತೆಗಿರಲಿ, ತಾಯಿ ಬೇರೆ ಕೋಣೆಯಲ್ಲಿ ಮಲಗಲಿ. ವಾರಕ್ಕೊಮ್ಮೆ ಅಂಕಗಳನ್ನು ಅಪ್ಪನ ಬಾಯಿಂದಲೇ ಕೇಳಿ ಬರೆದಿಡಿ. ಕಾಲಲ್ಲಿ ಬಲ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ. ಬೆನ್ನುಹುರಿ ಒತ್ತಿಕೊಂಡಿರಬಹುದು, ತಡವಾದರೆ ಹೋದ ಶಕ್ತಿ ಮರಳುವುದು ಕಷ್ಟ.

ಮುಂದಿನ ವಾರ ನೋವು ನಾಲ್ಕಕ್ಕೆ ಇಳಿದಿತ್ತು, ಸಂಜೆಯ ಗಲಿಬಿಲಿ ನಿಂತಿತ್ತು. ಸುಸ್ತು ಹಾಗೇ ಇದೆ. ಕೊನೆಯ ದಿನಗಳಲ್ಲಿ ಎಲ್ಲಿರಲು ಇಷ್ಟ ಎಂಬ ಪ್ರಶ್ನೆಗೆ "ಈಗ ಬೇಡ" ಎಂದಿದ್ದಾರೆ. ಮುಂದಿನ ಭೇಟಿಯಲ್ಲಿ ಮತ್ತೆ ಕೇಳಬಹುದೇ ಎಂದಾಗ ಒಪ್ಪಿದರು.