ಕೇಳಿ, ಹೇಳ್ತೀವಿ: ದುಡ್ಡು ಒಂದೇ ಗಂಟಿಗೆ ಹಾಕ್ತೀವಿ, ಆಮೇಲೆ?

ಪ್ರಶ್ನೆ: ಸಾರ್ ನಮಸ್ಕಾರ. ನಾವು ದಾವಣಗೆರೆನಲ್ಲಿ ಎಂಟು ಜನ ಅದೀವಿ, ಮೂರು ಜನ ವ್ಯಾಪಾರಸ್ಥರು, ಇಬ್ಬರು ಡಾಕ್ಟ್ರು, ಇನ್ನುಳಿದೋರು ಕಾಲೇಜಿನ ಹಳೇ ಬ್ಯಾಚಿನೋರು, ಅದ್ರಲ್ಲಿ ಒಬ್ಬ ಕಂಪನಿ ಒಂದರ ಸಿಎಸ್‌ಆರ್, ಅಂದ್ರೆ ಕಂಪನಿ ಸಮಾಜದ ಕೆಲಸಕ್ಕೆ ಅಂತ ಎತ್ತಿಡೋ ದುಡ್ಡು, ನೋಡ್ಕೋತಾನೆ. ಪ್ರತಿ ವರ್ಷ ಒಬ್ಬೊಬ್ರು ಒಂದೊಂದು ಕಡೆ ಬ್ಯಾಗು, ನೋಟ್‌ಬುಕ್ಕು, ಕಣ್ಣಿನ ಕ್ಯಾಂಪು ಅಂತ ಖರ್ಚು ಮಾಡ್ತೀವಿ. ಮಂಡಕ್ಕಿ ಹುರಿಯೋ ಭಟ್ಟಿಗಳ ಓಣಿ ಕಡೆ ಒಂದೇ ಶಾಲೆಗೆ ಒಂದೇ ವರ್ಷ ಮೂರು ಸಲ ಬ್ಯಾಗು ಹೋಗೈತೆ, ಶೌಚಾಲಯಕ್ಕೆ ಮಾತ್ರ ನೀರಿಲ್ಲ! ಇನ್ಮೇಲೆ ಎಲ್ಲರ ದುಡ್ಡು ಒಟ್ಟಿಗೆ ಹಾಕಿ ಹತ್ತು ವರ್ಷ ಒಂದೇ ಏರಿಯಾದಲ್ಲಿ ಕೆಲಸ ಮಾಡೋಣ, ಏನು ಬೇಕು ಅಂತ ಅಲ್ಲಿಯ ಜನನೇ ಹೇಳ್ಲಿ ಅಂತ ಯೋಚನೆ. ಹೊಸ ಟ್ರಸ್ಟ್ ಮಾಡ್ಬೇಕಾ? ಎಲ್ಲಿಂದ ಶುರು ಮಾಡೋದು?
- ಹೆಸರು ಬೇಡ, ದಾವಣಗೆರೆ

ಉತ್ತರ: ಮೂರು ಸಲ ಬ್ಯಾಗು ಓದಿ ನಗು ಬಂತು, ಆಮೇಲೆ ನಾನೂ ಒಂದು ಸಲ ಕೊಟ್ಟಿದ್ದು ನೆನಪಾಗಿ ಸುಮ್ಮನಾದೆ.

ಟ್ರಸ್ಟ್ ವಿಷಯ ಮೊದಲು ಮುಗಿಸ್ತೀನಿ. ಈಗಲೇ ಹೊಸದು ಮಾಡ್ಬೇಡಿ. ಕಂಪನಿ ಸಿಎಸ್‌ಆರ್ ದುಡ್ಡು ಹೊರಗಿನ ಟ್ರಸ್ಟಿಗೆ ಬರ್ಬೇಕು ಅಂದ್ರೆ ಆ ಟ್ರಸ್ಟಿಗೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರ್ಬೇಕು, 12ಎ, 80ಜಿ ಅನ್ನೋ ಆದಾಯ ತೆರಿಗೆ ನೋಂದಣಿ ಬೇಕು, ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು, ಅಂದ್ರೆ ನೀವು ಇವತ್ತು ಬೋರ್ಡು ಹಾಕಿದ್ರೂ ನಿಮ್ಮ ಗೆಳೆಯನ ಕಂಪನಿ ದುಡ್ಡು ಮುಟ್ಟೋಕೆ ಮೂರು ವರ್ಷ ಕಾಯ್ಬೇಕು. ಊರಲ್ಲಿ ಆಗ್ಲೇ ನೆಟ್ಟಗೆ ಲೆಕ್ಕ ಇಟ್ಟಿರೋ ಒಂದು ಸಂಸ್ಥೆ ಹುಡುಕಿ, ಅವರ ಹತ್ರ ಇದಕ್ಕೇ ಅಂತ ಬೇರೆ ಖಾತೆ ಇಡ್ಸಿ, ಯಾರು ಎಷ್ಟು ವರ್ಷ ಎಷ್ಟು ಕೊಡ್ತೀರಿ ಅಂತ ಒಂದು ಒಪ್ಪಂದ ಬರ್ಕೊಳ್ಳಿ, ಸಾಕು.

ಇನ್ನು ಹತ್ತು ವರ್ಷದ ಮಾತು. 2013ರ ಕಂಪನಿ ಕಾಯ್ದೆ ಪ್ರಕಾರ ಸಿಎಸ್‌ಆರ್ ಅನ್ನೋದು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟು, ಲಾಭ ಇಳಿದ್ರೆ ಅದೂ ಇಳಿಯುತ್ತೆ. ಅದೂ ಅಲ್ದೆ ನಡೀತಿರೋ ಪ್ರಾಜೆಕ್ಟು ಅಂತ ತೋರ್ಸೋಕೆ ಶುರುವಾದ ವರ್ಷ ಬಿಟ್ಟು ಮೂರು ವರ್ಷ ಮಾತ್ರ ಅವಕಾಶ, ಹಾಗಾಗಿ ನಿಮ್ಮ ಗೆಳೆಯ ಹತ್ತು ವರ್ಷಕ್ಕೆ ಮಾತು ಕೊಟ್ರೆ ಪಾಪ ಅದು ಅವನ ಕೈಯಲ್ಲಿಲ್ಲದ ಮಾತು. ವ್ಯಾಪಾರಸ್ಥರು, ಡಾಕ್ಟ್ರು ಕೊಡೋ ಸ್ವಂತ ದುಡ್ಡೇ ಬುಡ, ಸಿಎಸ್‌ಆರ್ ಮೇಲಿನ ಮಣ್ಣು ಅಂದ್ಕೊಳ್ಳಿ, ಅದು ಬರದೇ ಇರೋ ವರ್ಷಾನೂ ಕೆಲಸ ನಿಲ್ಲಬಾರದು. ಎಲ್ಲರ ದುಡ್ಡು ಒಟ್ಟಿಗೆ ಹಾಕೋದೇನು ಹೊಸಾ ಯೋಚನೆ ಅಲ್ಲ, ಅಮೆರಿಕದ ಕ್ಲೀವ್‌ಲ್ಯಾಂಡ್ ಊರಲ್ಲಿ 1914ರಲ್ಲೇ ಊರಿಗೊಂದು ನಿಧಿ ಅಂತ ಮಾಡಿದ್ರು, ಇವತ್ತಿಗೂ ನಡೀತಿದೆ.

ಅಷ್ಟು ದೂರ ಯಾಕೆ, ನಮ್ಮ ದುಗ್ಗಮ್ಮನ ಜಾತ್ರೆ ನೋಡಿ. ಎರಡು ವರ್ಷಕ್ಕೊಂದು ಸಲ ಪಟ್ಟಿ ಎತ್ತುತಾರೆ, ದೊಡ್ಡ ದಲಾಲರೂ ಕೊಡ್ತಾರೆ, ಹಮಾಲರೂ ಕೊಡ್ತಾರೆ, ಹೆಸರನ್ನ ಮೈಕಲ್ಲಿ ಒಂದ್ಸಲ ಕೂಗ್ತಾರೆ ಅಷ್ಟೇ. ನಾನು ಕೊಟ್ಟ ನೂರಾ ಒಂದರಲ್ಲಿ ಯಾವ ಲೈಟು ಹತ್ತಿತು ಅಂತ ಯಾರೂ ಕೇಳಲ್ಲ. ಎಂಟು ಜನದ ದುಡ್ಡು ಸೇರ್ಸೋದು ಸಲೀಸು, ಎಂಟು ಬ್ಯಾನರ್ ಇಳಿಸೋದೇ ಕಷ್ಟ. ಒಬ್ರು ನಮ್ಮ ದುಡ್ಡು ಶಾಲೆಗೇ ಹೋಗ್ಲಿ ಅಂತಾರೆ, ಇನ್ನೊಬ್ರಿಗೆ ವರ್ಷದ ಕೊನೆಗೆ ಫೋಟೋ ಬೇಕು, ಮತ್ತೊಬ್ರು ಬೇರೆ ಫಾರ್ಮ್ಯಾಟಲ್ಲಿ ವರದಿ ಕೇಳ್ತಾರೆ, ಆಗ ಗಂಟು ಒಂದೇ ಆದ್ರೂ ಒಳಗೆ ಎಂಟು ಗಂಟು. ಎಲ್ಲರಿಗೂ ಸೇರಿ ಒಂದೇ ವರದಿ, ಒಂದೇ ಆಡಿಟ್ ಅಂತ ಮೊದಲೇ ಬರ್ಕೊಳ್ಳಿ.

ಮತ್ತೆ ಒಬ್ಬರಿಗೆ ಸಂಬಳ ಕೊಡ್ಬೇಕು. ಇದನ್ನ ಹೇಳಿದ್ರೆ ಎಲ್ಲರ ಮುಖ ಸಣ್ಣಗಾಗುತ್ತೆ, ಯಾಕಂದ್ರೆ ಸಂಬಳದ ಮುಂದೆ ನಿಂತು ರಿಬ್ಬನ್ ಕತ್ತರಿಸೋಕೆ ಆಗಲ್ವಲ್ಲ! ಬೆಂಗಳೂರಲ್ಲಿ ಕಸ ಆಯೋರ ಜೊತೆ ನಡೀತಿರೋ ಸಾಮೂಹಿಕ ಶಕ್ತಿ ಅನ್ನೋ ಕೆಲಸ ಇದೆ, ಎಚ್ ಅಂಡ್ ಎಂ ಫೌಂಡೇಶನ್ ದುಡ್ಡು, ಹಸಿರು ದಳ, ವಾಟರ್‌ಏಡ್ ಥರ ಹಲವು ಸಂಸ್ಥೆ. ಅಲ್ಲಿ ಎಲ್ಲರನ್ನೂ ಜೋಡಿಸೋದಕ್ಕೇ ಅಂತ ಇನ್ನೊಂದು ಸಂಸ್ಥೆನ ಇಟ್ಟಿದಾರೆ. ನಿಮಗೆ ಸಂಸ್ಥೆ ಬೇಡ, ಅದೇ ಓಣಿಯ ಒಬ್ಬ ಹೆಣ್ಮಗಳು ಸಾಕು, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದು ರೂಢಿ ಇರೋರು ಇದ್ದೇ ಇರ್ತಾರೆ. ಸಿಎಸ್‌ಆರ್‌ನಲ್ಲಿ 5 ಪರ್ಸೆಂಟಿನ ಮೇಲೆ ಆಡಳಿತ ಖರ್ಚು ಬರಲ್ಲ ಅಂತ ಗೆಳೆಯ ತಡೀಬಹುದು, ಅದು ಕಂಪನಿ ತನ್ನ ಆಫೀಸಿಗೆ ಮಾಡ್ಕೊಳ್ಳೋ ಖರ್ಚಿನ ಮಾತು, ಓಣಿಲಿ ಕೆಲಸ ಮಾಡೋರ ಸಂಬಳದ ಮಾತಲ್ಲ.

ಜನ ಹೇಳ್ಲಿ ಅಂತ ಬರ್ದಿದೀರಿ. ಹೇಳ್ತಾರೆ, ಆದ್ರೆ ನಿಮಗೆ ಇಷ್ಟ ಆಗೋದನ್ನೇ ಹೇಳ್ತಾರೆ ಅಂತಿಲ್ಲ. ನೀವು ಭಟ್ಟಿ ಹೊಗೆ ಬಗ್ಗೆ ಮಾತಾಡೋಕೆ ಹೋದ್ರೆ ಅವರು ಮೊದಲು ಹಕ್ಕುಪತ್ರ ಅನ್ನಬಹುದು, ಚರಂಡಿ ಅನ್ನಬಹುದು. ಚರಂಡಿ ಪಾಲಿಕೆ ಕೆಲಸ, ನಿಮ್ಮ ದುಡ್ಡಲ್ಲಿ ಕಟ್ಟಬೇಡಿ, ಪಾಲಿಕೆಗೆ ಬೆನ್ನು ಬಿಡದೆ ಓಡಾಡೋಕೆ ಅವರಿಗೆ ಆಟೋ ಖರ್ಚು, ಅರ್ಜಿ ಬರೆಯೋರು, ಒಂದು ದಿನದ ಕೂಲಿ ಕೊಡಿ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಮೊದಲ 20ರ ಪಟ್ಟಿಲಿ ನಮ್ಮೂರ ಹೆಸರು ಬಂದಾಗ ಪಟಾಕಿ ಹೊಡೆದ್ವಿ, 2025ರ ಮಾರ್ಚಿಗೆ ಆ ಮಿಷನ್ನೂ ಮುಗೀತು. ಯೋಜನೆ ಬರ್ತಾವೆ ಹೋಗ್ತಾವೆ, ಕೇಳೋರು ಓಣಿಲಿ ಉಳೀಬೇಕು.

ಮೊದಲ ಮೀಟಿಂಗು ಹೋಟೆಲ್ ಹಾಲಲ್ಲಿ ಬೇಡ. ಭಟ್ಟಿ ಕೆಲಸ ಮುಗಿಸಿ ಯಾವ ಟೈಮಿಗೆ ಕೂರೋಕಾಗುತ್ತೆ ಅಂತ ಅವರನ್ನೇ ಕೇಳಿ, ಅವರ ಕಟ್ಟೆ ಮೇಲೇ ಕೂತ್ಕೊಳ್ಳಿ.

ಪ್ರಶ್ನೆ: ನಾವೂ ಇಂಥದ್ದೇ ಮಾಡೋಣ ಅಂತಿದೀವಿ. ನಮ್ಮ ಬ್ಯಾಚಿನ ಇಬ್ರು ಅಮೆರಿಕದಲ್ಲಿದಾರೆ, ಅವರ ದುಡ್ಡು ತಗೋಬಹುದಾ?
- ಚಿತ್ರದುರ್ಗದ ಓದುಗರು

ಉತ್ತರ: ಪಾಸ್‌ಪೋರ್ಟ್ ಯಾವ್ದು ಅಂತ ಕೇಳಿ. ಇನ್ನೂ ಭಾರತದ್ದೇ ಇದ್ರೆ, ತಮ್ಮ ಉಳಿತಾಯದ ದುಡ್ಡನ್ನ ಬ್ಯಾಂಕ್ ಮೂಲಕ ಕಳಿಸಿದ್ರೆ ತೊಂದ್ರೆ ಇಲ್ಲ. ಅಲ್ಲಿಯ ಪೌರತ್ವ ತಗೊಂಡಿದ್ರೆ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ರೂ ಅದು ವಿದೇಶಿ ದೇಣಿಗೆನೇ, ಅದನ್ನ ತಗೊಳ್ಳೋ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, 2020ರ ತಿದ್ದುಪಡಿ ಆದ್ಮೇಲೆ ಒಂದು ಸಂಸ್ಥೆಗೆ ತರ್ಸಿ ಇನ್ನೊಂದಕ್ಕೆ ಕೊಡೋ ಹಾಗೂ ಇಲ್ಲ. ಅವರನ್ನ ರಜೆಗೆ ಬಂದಾಗ ಓಣಿಗೆ ಕರ್ಕೊಂಡು ಹೋಗಿ, ದುಡ್ಡು ಸದ್ಯ ಬೇಡ ಅನ್ನಿ.